ದಿನವೂ ಕಂಡದ್ದು, ಒಮ್ಮೆಯೂ ನೋಡದ್ದು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸು ಗಾಜನೂರನ್ನು ದಾಟಿ, ಸಕ್ರೆಬೈಲಿನ ಆನೆ ಬಿಡಾರವನ್ನು ಹಿಂದಿಟ್ಟು, ಮಲೆನಾಡಿನ ಮರಗಳ ನೆರಳಿನಲ್ಲಿ ಓಡುತ್ತದೆ. ಹೊರಟಲ್ಲಿಂದ ಸುಮಾರು ೩೦ ಕಿಲೋಮೀಟರು ಕಳೆಯುವ ವೇಳೆಗೆ ತುಂಗೆ ರಸ್ತೆಯ ಮಗ್ಗುಲಿಗೇ ಬಂದುಬಿಡುತ್ತಾಳೆ. ಆಷಾಢ ಶ್ರಾವಣಗಳ ದಿನವಾದರೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ. ಆ ಕೆಂಪು ನೀರಿನ ನಡುವೆ ಒಂದು ಪುಟ್ಟ ನಡುಗಡ್ಡೆ. ಅದರ ಮೇಲೆ ಒತ್ತಾಗಿ ಬೆಳೆದ ಮರಗಳು. ಮರಗಳ ಮೈತುಂಬ, ಯಾರೋ ಒಗೆದ ಪಂಚೆಗಳನ್ನು ಒಣಹಾಕಿದಂತೆ, ಬಿಳಿಯ ಚುಕ್ಕೆಗಳು. ಅವುಗಳಲ್ಲೊಂದು ಮೆಲ್ಲನೆ ಎದ್ದು, ರೆಕ್ಕೆ ಬಿಚ್ಚಿ, ನೀರಿನ ಮೇಲೆ ತೇಲಿಹೋದಾಗಲೇ ಅವು ಹಕ್ಕಿಗಳೆಂಬುದು ಹೊಸಬರಿಗೆ ತಿಳಿಯುವುದು.

ಇದು ಮಂಡಗದ್ದೆ. ಊರು ಚಿಕ್ಕದು, ಆದರೆ ಅದರ ಹೆಸರು ಪಕ್ಷಿಪ್ರಿಯರ ಪುಸ್ತಕಗಳಲ್ಲೆಲ್ಲ ಇದೆ.

ಬಸ್ಸಿನೊಳಗಿನ ನೋಟವೂ ಗಮನಿಸತಕ್ಕದ್ದೇ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ಮಗು ಕಿಟಕಿಗೆ ಮೂಗು ಒತ್ತಿ, "ಅಮ್ಮಾ, ಅಲ್ಲಿ ನೋಡು!" ಎಂದು ಕೂಗುತ್ತದೆ. ತಾಯಿ ಬಗ್ಗಿ ನೋಡುತ್ತಾಳೆ. ಅವರ ಮುಂದಿನ ಆಸನದಲ್ಲಿ ಕುಳಿತ, ನಿತ್ಯವೂ ಅದೇ ಬಸ್ಸಿನಲ್ಲಿ ಓಡಾಡುವ ಗುಮಾಸ್ತರು ಮಾತ್ರ ವೃತ್ತಪತ್ರಿಕೆಯಿಂದ ತಲೆಯೆತ್ತುವುದಿಲ್ಲ. ಅವರಿಗೆ ಹಕ್ಕಿಗಳ ಮೇಲೆ ಮುನಿಸೇನೂ ಇಲ್ಲ. ಅವು ಅಲ್ಲಿರುತ್ತವೆಂಬುದು ಅವರಿಗೆ ಗೊತ್ತು. ಗೊತ್ತಿರುವುದನ್ನು ಮತ್ತೆ ನೋಡುವ ಅಗತ್ಯ ಅವರಿಗೆ ತೋರುವುದಿಲ್ಲ, ಅಷ್ಟೆ.

ಆ ಗುಮಾಸ್ತರನ್ನು ಹಳಿಯಬೇಕಾಗಿಲ್ಲ. ನಮ್ಮೆಲ್ಲರ ಮನೆಯಲ್ಲಿಯೂ, ಬೀದಿಯಲ್ಲಿಯೂ ಒಂದೊಂದು ಮಂಡಗದ್ದೆ ಇರುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಔಷಧಕ್ಕೆ ಮಾತ್ರವೇ ಅಲ್ಲ, ಕಣ್ಣಿಗೂ ಸಲ್ಲುತ್ತದೆ. ಹಾಗೆ ಕಾಣದೆ ಹೋದದ್ದನ್ನು ಮರಳಿ ಕಾಣುವುದಕ್ಕೆ ನಮ್ಮ ಕಾಲದ ಮನುಷ್ಯನಿಗೆ ದೊರೆತಿರುವ ಒಂದು ಸುಲಭ ಸಾಧನವೆಂದರೆ ಕ್ಯಾಮೆರಾ. ಇಂದು ಅದು ಬಹುಪಾಲು ಜನರ ಜೇಬಿನಲ್ಲಿಯೇ, ಮೊಬೈಲು ಫೋನಿನ ರೂಪದಲ್ಲಿ, ಕುಳಿತಿದೆ.

ಬಿಳಿ ಹಕ್ಕಿ ಎಂದರೆ ಸಾಕೆ?

ಮಂಡಗದ್ದೆಯಲ್ಲಿ ಬಸ್ಸಿನಿಂದ ಇಳಿದು, ಹೊಳೆಯ ದಡದಲ್ಲಿರುವ ವೀಕ್ಷಣಾ ಗೋಪುರದ ಬಳಿ ಕ್ಯಾಮೆರಾ ಹಿಡಿದು ಒಂದು ಗಂಟೆ ನಿಂತವನ ಅನುಭವ ಹೇಗಿರುತ್ತದೆ?

ಮೊದಲ ಹತ್ತು ನಿಮಿಷ ಆತನಿಗೂ ಕಾಣುವುದು ಬಿಳಿಯ ಚುಕ್ಕೆಗಳೇ. ಎಲ್ಲರೂ ತೆಗೆಯುವ ಚಿತ್ರವನ್ನು ಆತನೂ ತೆಗೆಯುತ್ತಾನೆ: ನಡುವೆ ಗಡ್ಡೆ, ಕೆಳಗೆ ನೀರು, ಮೇಲೆ ಮೋಡ. ಅಲ್ಲಿಗೆ ಹೊರಟುಹೋಗುವವರೇ ಹೆಚ್ಚು. ಹೋಗದೆ ನಿಂತವನಿಗೆ ಬರಬರುತ್ತ ಚುಕ್ಕೆಗಳು ಬೇರೆ ಬೇರೆಯಾಗತೊಡಗುತ್ತವೆ. ಎಲ್ಲವೂ ಬಿಳಿಯವಲ್ಲ. ಬೆಳ್ಳಕ್ಕಿಗಳ ನಡುವೆ ಕಪ್ಪು ಮೈಯ ನೀರುಕಾಗೆಗಳಿವೆ. ಹಾವಿನಂತಹ ಉದ್ದ ಕುತ್ತಿಗೆಯ ಹಾವಕ್ಕಿಗಳಿವೆ. ಈ ಹಾವಕ್ಕಿ ಈಜುವಾಗ ಮೈಯೆಲ್ಲ ನೀರಿನೊಳಗಿದ್ದು, ಕತ್ತು ಮಾತ್ರ ಮೇಲಕ್ಕೆ ಕಾಣುವುದರಿಂದ ಹಾವೇ ತೇಲಿಬಂದಂತೆ ಭ್ರಮೆಯಾಗುತ್ತದೆ. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ. ಹಾವಕ್ಕಿಯ ಗರಿಯೋ ನೀರು ಕುಡಿದು ತೊಯ್ಯುತ್ತದೆ. ತೊಯ್ದ ಮೈ ಭಾರವಾದಷ್ಟೂ ಮೀನಿನ ಬೆನ್ನಟ್ಟಿ ಮುಳುಗುವುದು ಸುಲಭ. ಬೇಟೆ ಮುಗಿದ ಮೇಲೆ ರೆಕ್ಕೆಗಳನ್ನು ಅಗಲವಾಗಿ ಹರಡಿ ಒಣಗಿಸಿಕೊಳ್ಳುವುದು ಅದರ ನಿತ್ಯಕರ್ಮ. ನೀರುಕಾಗೆಯದೂ ಇದೇ ಪದ್ಧತಿ.

ಬೆಳ್ಳಕ್ಕಿಯನ್ನೇ ಇನ್ನಷ್ಟು ಹತ್ತಿರಕ್ಕೆ ತರುವ ಮಸೂರದಿಂದ ನೋಡಿದರೆ ಇನ್ನೊಂದು ಸೋಜಿಗ. ಇಲ್ಲಿ ಗೂಡು ಕಟ್ಟುವ ಮಧ್ಯಮ ಬೆಳ್ಳಕ್ಕಿಯ ಕೊಕ್ಕು ಬೇಸಗೆಯ ಗದ್ದೆ ಬಯಲಿನಲ್ಲಿ ಹಳದಿಯಾಗಿದ್ದದ್ದು, ಮರಿಮಾಡುವ ಈ ಕಾಲದಲ್ಲಿ ಕಪ್ಪಾಗುತ್ತದೆ. ಬೆನ್ನಿನಿಂದಲೂ ಎದೆಯಿಂದಲೂ ಜರಿಯ ಎಳೆಗಳಂತಹ ನವಿರಾದ ಗರಿಗಳು ಇಳಿಬಿದ್ದಿರುತ್ತವೆ. ಗಾಳಿ ಬೀಸಿದಾಗ ಅವು ಒಂದೊಂದೂ ಬೇರೆಯಾಗಿ ಅಲುಗುತ್ತವೆ. ವರ್ಷವಿಡೀ ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿಯನ್ನು ಕಾಣುವ ರೈತನೂ ಈ ಅಲಂಕಾರವನ್ನು ಗಮನಿಸದೆ ಇರುವುದುಂಟು.

ಜುಲೈಯಿಂದ ಮೂರು ನಾಲ್ಕು ತಿಂಗಳು ಈ ನಡುಗಡ್ಡೆ ಒಂದು ದೊಡ್ಡ ಬಾಣಂತಿಕೋಣೆ. ಗೂಡಿಗೆ ಕಡ್ಡಿ ತರುವ ಹಕ್ಕಿ ಒಂದು, ತಂದದ್ದನ್ನು ಹೊಂದಿಸುವ ಹಕ್ಕಿ ಇನ್ನೊಂದು. ಮೊಟ್ಟೆಗೆ ಕಾವು ಕೊಡುವುದರಲ್ಲಿ ಗಂಡಿಗೂ ಹೆಣ್ಣಿಗೂ ಸರಪಾಳಿ. ಹಾವಕ್ಕಿಯ ಮರಿಗಳು ತಾಯ್ತಂದೆಯರ ಕಪ್ಪಿಗೆ ವ್ಯತಿರಿಕ್ತವಾಗಿ ಹತ್ತಿಯಂತೆ ಬೆಳ್ಳಗಿರುತ್ತವೆ; ಹಸಿದಾಗ ಹೆತ್ತವರ ಗಂಟಲಿನೊಳಕ್ಕೇ ತಲೆ ತೂರಿಸಿ ಉಣ್ಣುತ್ತವೆ. ಇಷ್ಟೆಲ್ಲವೂ ಹೆದ್ದಾರಿಯಿಂದ ಕೂಗಳತೆಯ ದೂರದಲ್ಲಿ ನಡೆಯುತ್ತಿರುತ್ತದೆ. ನೋಡುವುದಕ್ಕೆ ಬೇಕಾದದ್ದು ಒಂದು ಗಂಟೆಯ ಬಿಡುವು ಮಾತ್ರ.

ಕ್ಯಾಮೆರಾ ಮಾಡಿದ ಉಪಕಾರ ಇಷ್ಟೇ: ಆತನನ್ನು ಒಂದು ಗಂಟೆ ಒಂದೇ ಕಡೆ ನಿಲ್ಲಿಸಿತು.

ಒಕ್ಕಣ್ಣಿನ ಸಾಕ್ಷಿ

ಕಣ್ಣಿಗೂ ಕ್ಯಾಮೆರಾಕ್ಕೂ ಒಂದು ಮುಖ್ಯ ಭೇದವಿದೆ. ಮನುಷ್ಯ ನೋಡುವುದು ಕಣ್ಣಿನಿಂದ ಮಾತ್ರವಲ್ಲ, ಮನಸ್ಸಿನಿಂದ. ಮನಸ್ಸು ತನಗೆ ಬೇಕಾದದ್ದನ್ನು ಆರಿಸಿಕೊಂಡು, ಬೇಡವಾದದ್ದನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತದೆ. ಬಾಗಿಲು ದಾಟುವಾಗ ಹೊಸ್ತಿಲನ್ನು ಯಾರೂ ನೋಡುವುದಿಲ್ಲ. ಕಾಲು ತಾನಾಗಿಯೇ ಎತ್ತಿಕೊಳ್ಳುತ್ತದೆ. ಇಂತಹ ಉಳಿತಾಯವಿಲ್ಲದಿದ್ದರೆ ಬೆಳಗಾಗೆದ್ದು ಅಡಿಗೆಮನೆ ಸೇರುವುದೇ ದೊಡ್ಡ ಪ್ರಯಾಸವಾಗುತ್ತಿತ್ತು.

ಕ್ಯಾಮೆರಾಕ್ಕೆ ಈ ಜಾಣತನವಿಲ್ಲ. ಅದಕ್ಕಿರುವುದು ಒಂದೇ ಕಣ್ಣು. ಎದುರಿಗಿರುವುದೆಲ್ಲವನ್ನೂ ಪಕ್ಷಪಾತವಿಲ್ಲದೆ ಬರೆದುಕೊಳ್ಳುತ್ತದೆ. ಬಾಸಿಂಗ ಕಟ್ಟಿದ ಮದುವಣಿಗನ ತಲೆಯಿಂದ ವಿದ್ಯುತ್ ಕಂಬವೊಂದು ಮೊಳೆತು ನಿಂತಿರುವ ಭಾವಚಿತ್ರ ಯಾವ ಮನೆಯ ಆಲ್ಬಮ್ಮಿನಲ್ಲಿಲ್ಲ? ಚಿತ್ರ ತೆಗೆದವರು ಕಂಬವನ್ನು ನೋಡಿರಲೇ ಇಲ್ಲ. ಅವರ ಮನಸ್ಸು ಮದುವಣಿಗನನ್ನು ಮಾತ್ರ ನೋಡಿತ್ತು. ಎರಡು ಕಣ್ಣುಗಳಿಂದ ನೋಡುವಾಗ ಮುಂದಿನದೂ ಹಿಂದಿನದೂ ಬೇರೆ ಬೇರೆ ಎಂದು ತಿಳಿಯುತ್ತದೆ. ಒಕ್ಕಣ್ಣಿಗೆ ಎರಡೂ ಒಂದೇ ಗೋಡೆಯ ಮೇಲೆ ಅಂಟಿಕೊಳ್ಳುತ್ತವೆ.

ಈ ತಪ್ಪನ್ನು ಒಮ್ಮೆ ಮಾಡಿದವರು ಮರುಸಲ ಮದುವಣಿಗನ ಹಿಂದೆ ಏನಿದೆ ಎಂದು ನೋಡುತ್ತಾರೆ. ನಾಲ್ಕು ಮೂಲೆಗಳನ್ನೂ ನೋಡುತ್ತಾರೆ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಯೋಚಿಸುತ್ತಾರೆ. ಅಲ್ಲಿಂದಲೇ ಹೊಸ ನೋಟದ ಅಭ್ಯಾಸ ಆರಂಭವಾಯಿತೆನ್ನಬೇಕು.

ಕಿಟಕಿಯಲ್ಲಿ ಹುಟ್ಟಿದ ಕಲೆ

ಛಾಯಾಗ್ರಹಣವೆಂದರೆ ದೂರದೂರದ ದೃಶ್ಯಗಳ ಬೇಟೆಯೆಂದು ಭಾವಿಸುವವರು ಅದರ ಹುಟ್ಟಿನ ಕಥೆಯನ್ನು ನೆನೆಯಬೇಕು. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದುಬಂದಿರುವ ಅತ್ಯಂತ ಹಳೆಯ ಚಿತ್ರ ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ಎಂಬಾತನದು. ಕಾಲ ೧೮೨೬ ಅಥವಾ ೧೮೨೭. ಅದರಲ್ಲಿರುವುದು ಯಾವ ಅರಮನೆಯೂ ಅಲ್ಲ, ರಾಜನೂ ಅಲ್ಲ. ತನ್ನ ಮನೆಯ ಮೇಲಂತಸ್ತಿನ ಕಿಟಕಿಯಿಂದ ಕಾಣುತ್ತಿದ್ದ ಅಂಗಳ, ಪಕ್ಕದ ಕಟ್ಟಡದ ಗೋಡೆ, ಇಳಿಜಾರು ಸೂರು. ಡಾಂಬರಿನ ಜಾತಿಯ ಒಂದು ದ್ರವ್ಯವನ್ನು ಲೋಹದ ತಗಡಿಗೆ ಬಳಿದು ಆತ ಅದನ್ನು ಬಹು ದೀರ್ಘಕಾಲ ಬೆಳಕಿಗೆ ಒಡ್ಡಿದ. ಅಷ್ಟರಲ್ಲಿ ಸೂರ್ಯ ಆಕಾಶವನ್ನೆಲ್ಲ ಕ್ರಮಿಸಿದ್ದರಿಂದ ಎದುರುಬದುರಾದ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಂತೆ ಚಿತ್ರ ಮೂಡಿತು. ಮನುಷ್ಯನ ಕಣ್ಣು ಒಂದೇ ಗಳಿಗೆಯಲ್ಲಿ ಎಂದೂ ಕಂಡಿರದ ಅಂಗಳವನ್ನು ಮೊಟ್ಟಮೊದಲ ಚಿತ್ರವೇ ತೋರಿಸಿಬಿಟ್ಟಿತ್ತು.

ಅಮೆರಿಕದ ಎಡ್ವರ್ಡ್ ವೆಸ್ಟನ್ ೧೯೩೦ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ಚಿತ್ರ ತೆಗೆದ. ಅಡಿಗೆಮನೆಯ ಬುಟ್ಟಿಯಲ್ಲಿ ಸಾಮಾನ್ಯವಾಗಿ ಬಿದ್ದಿರುವ ಆ ತರಕಾರಿ, ಆಲಿಕೆಯ ಒಳಮೈಯಿಂದ ಪ್ರತಿಫಲಿಸಿದ ಮೆಲುಬೆಳಕಿನಲ್ಲಿ, ಜಟ್ಟಿಯ ಬೆನ್ನಿನಂತೆ ಮಾಂಸಲವಾಗಿ ಹೊಳೆಯಿತು. ಆ ಚಿತ್ರ ಇಂದಿಗೂ ಜಗತ್ಪ್ರಸಿದ್ಧ.

ಪ್ರಾಗ್ ನಗರದ ಜೋಸೆಫ್ ಸುಡೆಕ್‌ನ ಕಥೆ ಇನ್ನೂ ಮನ ಮುಟ್ಟುವಂಥದು. ೧೮೯೬ರಲ್ಲಿ ಹುಟ್ಟಿದ ಈತ ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಲಗೈಯನ್ನೇ ಕಳೆದುಕೊಂಡ. ಒಂಟಿ ಕೈಯಲ್ಲಿಯೇ ಭಾರವಾದ ಕ್ಯಾಮೆರಾಗಳನ್ನು ಹೊತ್ತು ತಿರುಗಿದ. ಎರಡನೆಯ ಯುದ್ಧದಲ್ಲಿ ಊರು ನಾಜಿಗಳ ವಶವಾಗಿದ್ದಾಗ, ೧೯೪೦ರಿಂದ, ತನ್ನ ಚಿತ್ರಶಾಲೆಯ ಕಿಟಕಿಯನ್ನೇ ವಸ್ತುವಾಗಿ ಆರಿಸಿಕೊಂಡ. ಗಾಜಿನ ಮೇಲೆ ಇಬ್ಬನಿ, ಇಳಿಯುವ ಮಳೆಹನಿ, ಕಿಟಕಿಯ ಕಟ್ಟೆಯ ಮೇಲಿಟ್ಟ ನೀರಿನ ಲೋಟ, ಆಚೆ ಅಂಗಳದಲ್ಲಿ ಸೊಟ್ಟಗೆ ಬೆಳೆದ ಒಂದು ಮರ. ಹದಿನಾಲ್ಕು ವರ್ಷಗಳ ಕಾಲ ಅದೇ ಕಿಟಕಿಯ ಚಿತ್ರಗಳನ್ನು ಆತ ತೆಗೆಯುತ್ತಲೇ ಹೋದ. ಒಂದರಂತೆ ಇನ್ನೊಂದಿಲ್ಲ.

ಕನ್ನಡ ನಾಡಿನ ಕಣ್ಣುಗಳು

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನಲ್ಲಿ ೧೯೨೩ರಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರು ಭಾರತದ ಪತ್ರಿಕಾ ಛಾಯಾಗ್ರಾಹಕರಲ್ಲಿ ಅಗ್ರಗಣ್ಯರು. ದೊಡ್ಡ ಮನುಷ್ಯರನ್ನೂ ದೊಡ್ಡ ಘಟನೆಗಳನ್ನೂ ಅವರು ಚಿತ್ರಿಸಿದ್ದುಂಟು. ಆದರೆ ಅವರ ಹೆಸರು ಹೇಳಿದೊಡನೆ ರಸಿಕರ ಕಣ್ಣಮುಂದೆ ಬರುವುದು ಸಾಮಾನ್ಯ ಜನ: ಬೀದಿಯಲ್ಲಿ ಆಡುವ ಮಕ್ಕಳು, ಕೆಲಸದಲ್ಲಿ ಮುಳುಗಿದ ಹೆಂಗಸರು, ಜಗಲಿಯ ಮೇಲಿನ ಮುದುಕರು. ೧೯೭೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿಯೇ ನಡೆಯಿತು. ನಮ್ಮ ಓಣಿಗಳಲ್ಲಿ ದಿನವೂ ಗಲಾಟೆ ಮಾಡಿ ಬೈಸಿಕೊಳ್ಳುವಂತಹ ಮಕ್ಕಳನ್ನು ಲೋಕದ ಪ್ರತಿನಿಧಿಗಳು ನಿಂತು ನೋಡಿದರು. ೨೦೦೯ರಲ್ಲಿ ತೀರಿಕೊಳ್ಳುವವರೆಗೂ ಸತ್ಯನ್ ಅವರ ಕುತೂಹಲ ಬತ್ತಲಿಲ್ಲ.

ಇನ್ನೊಂದು ಹೆಸರು ನಮ್ಮನ್ನು ಮತ್ತೆ ಮಂಡಗದ್ದೆಯ ಹಾದಿಗೇ ತರುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಹೋಗಿ, ತೀರ್ಥಹಳ್ಳಿಯನ್ನು ದಾಟಿದರೆ ಕುವೆಂಪು ಅವರ ಕುಪ್ಪಳಿ. ಆ ಮನೆತನದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಕಥೆಗಾರರೆಂದು ಮನೆಮಾತಾದವರು. ಜೊತೆಗೆ ಹಕ್ಕಿಗಳ ಚಿತ್ರ ತೆಗೆಯುವುದರಲ್ಲಿ ಹಗಲಿರುಳು ಮುಳುಗಿದ್ದವರು. ಹಕ್ಕಿಗಳನ್ನು ಅರಸಿ ಅವರು ದೇಶಾಂತರ ಹೋಗಲಿಲ್ಲ. ಮೂಡಿಗೆರೆಯ ಬಳಿಯ ತಮ್ಮ ತೋಟ, ಅದರ ಸುತ್ತಲಿನ ಪೊದೆ, ಕೆರೆಯ ಅಂಚು, ಇವೇ ಅವರ ಚಿತ್ರಶಾಲೆ. ಮರೆಯಲ್ಲಿ ಕುಳಿತು, ಗಂಟೆಗಟ್ಟಲೆ ಕಾದು, ಆ ಕಾಯುವಿಕೆಯಲ್ಲಿ ಕಂಡುಕೊಂಡದ್ದನ್ನೆಲ್ಲ ಬರಹಕ್ಕೂ ತಂದರು. 'ಕನ್ನಡ ನಾಡಿನ ಹಕ್ಕಿಗಳು' ಎಂಬ ಅವರ ಕೃತಿಯನ್ನು ಓದಿದ ಮೇಲೆ, ಅದುವರೆಗೆ ಹೆಸರಿಲ್ಲದೆ ಹಾರಿಹೋಗುತ್ತಿದ್ದ ಹಿತ್ತಲಿನ ಹಕ್ಕಿಗೆ ಒಂದು ಹೆಸರು ಸಿಕ್ಕಿತೆಂದು ಸಂತೋಷಪಟ್ಟ ಕನ್ನಡಿಗರು ಬಹು ಮಂದಿ.

ಇವರೆಲ್ಲರಲ್ಲಿಯೂ ಸಮಾನವಾದ ಗುಣವೊಂದು ಕಾಣುತ್ತದೆ. ಹೊಸ ಊರನ್ನು ಹುಡುಕುವುದಕ್ಕಿಂತ ಇದ್ದ ಊರಿನಲ್ಲಿಯೇ ಹೆಚ್ಚು ಹೊತ್ತು ನಿಲ್ಲುವುದು ಅವರಿಗೆ ಫಲ ಕೊಟ್ಟಿತು.

ಒಂದೇ ದಡ, ಹಲವು ಚಿತ್ರ

ಮಂಡಗದ್ದೆ ಈ ಪಾಠವನ್ನು ಬಲವಂತವಾಗಿಯೇ ಕಲಿಸುತ್ತದೆ. ಅಲ್ಲಿ ನಡುಗಡ್ಡೆ ಒಂದೇ, ನೋಡುವ ದಡವೂ ಒಂದೇ. ಹಕ್ಕಿಯ ಹತ್ತಿರಕ್ಕೆ ಹೋಗುವಂತಿಲ್ಲ, ಹೋಗಲೂಬಾರದು. ಬೆದರಿದ ಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆ ಮರಿಗಳು ಮಳೆಗೂ ಕಾಗೆಗಳಿಗೂ ಈಡಾಗುತ್ತವೆ. ಹೀಗೆ ಜಾಗ ಬದಲಾಯಿಸಲು ಬಾರದಿದ್ದಾಗ ಬದಲಾಯಿಸಬಹುದಾದದ್ದು ಏನು?

ಮೊದಲನೆಯದು ಹೊತ್ತು. ಬೆಳಗಿನ ಜಾವ ನೀರಿನಿಂದ ಮಂಜೇಳುತ್ತಿರುವಾಗ ಮರಗಳು ಬೂದುಬಣ್ಣದ ನೆರಳುಗಳು; ಅವುಗಳ ತುದಿಯಲ್ಲಿ ರೆಕ್ಕೆ ಹರಡಿ ನಿಂತ ನೀರುಕಾಗೆ ಮಸಿಯಲ್ಲಿ ಬರೆದ ಗೆರೆ. ಮಧ್ಯಾಹ್ನ ಗೂಡುಗಳಲ್ಲಿ ನಿದ್ದೆಯ ಮಂಕು. ಸಂಜೆ ಮೇವಿಗೆ ಹೋದ ಬೆಳ್ಳಕ್ಕಿಗಳು ಹೊಳೆಯಗುಂಟ ಸಾಲುಗಟ್ಟಿ ಮರಳಿದಾಗ ಗಡ್ಡೆಗೆ ಗಡ್ಡೆಯೇ ಎದ್ದು ಕುಳಿತಂತೆ ಗದ್ದಲ.

ಎರಡನೆಯದು ಬೆಳಕಿನ ಅಳತೆ. ಬಿಳಿಯ ಹಕ್ಕಿಯ ಚಿತ್ರ ತೆಗೆಯುವುದು ಸುಲಭವೆಂದು ತೋರಿದರೂ ಸುಲಭವಲ್ಲ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಜಗತ್ತೆಲ್ಲ ನಸುಬೂದು ಬಣ್ಣದ್ದೆಂಬ ಒಂದು ನಂಬಿಕೆ. ಹಿಂದೆ ಕಡುಹಸಿರು ಎಲೆಗಳಿದ್ದರೆ, ಕತ್ತಲೆ ಹೆಚ್ಚೆಂದು ಅದು ಬೆಳಕನ್ನು ಧಾರಾಳವಾಗಿ ಒಳಬಿಟ್ಟು, ಹಕ್ಕಿಯನ್ನು ಗರಿಗಳ ಗೆರೆಯೇ ಇಲ್ಲದ ಸುಣ್ಣದ ಮುದ್ದೆಯನ್ನಾಗಿ ಮಾಡುತ್ತದೆ. ಹಿಂದೆ ಮೋಡದ ಬಾನಿದ್ದರೆ ಅದೇ ಹಕ್ಕಿ ಮಸಿಯ ಬೊಂಬೆಯಾಗುತ್ತದೆ. ಮೊದಲ ಸಂದರ್ಭದಲ್ಲಿ ಬೆಳಕನ್ನು ತಗ್ಗಿಸಬೇಕು, ಎರಡನೆಯದರಲ್ಲಿ ಏರಿಸಬೇಕು. ಇಂದಿನ ಬಹಳಷ್ಟು ಮೊಬೈಲುಗಳಲ್ಲಿಯೂ ತೆರೆಯ ಮೇಲೆ ಹಕ್ಕಿಯಿರುವೆಡೆ ಬೆರಳಿಟ್ಟು, ಮೇಲಕ್ಕೋ ಕೆಳಕ್ಕೋ ಜಾರಿಸಿ ಇದನ್ನು ಸಾಧಿಸಬಹುದು. ಯಂತ್ರದ ಈ ತಪ್ಪನ್ನು ತಿದ್ದಲು ಹೊರಟವರು, ಬಿಳುಪಿನೊಳಗೆ ಎಷ್ಟು ಬಗೆಯ ಬಿಳುಪುಗಳಿವೆಯೆಂಬುದನ್ನು ಮೊದಲ ಬಾರಿಗೆ ಕಾಣುತ್ತಾರೆ.

ಮೂರನೆಯದು ಮಳೆ. ಮಲೆನಾಡಿನ ಮುಂಗಾರಿನಲ್ಲಿ ಬಿಸಿಲಿಗಾಗಿ ಕಾದವರು ನಿರಾಶರಾಗುವುದೇ ಹೆಚ್ಚು. ಆದರೆ ಮೋಡ ಕವಿದ ದಿನದ ಬೆಳಕು, ತೆಳು ಬಟ್ಟೆಯಲ್ಲಿ ಸೋಸಿಬಂದಂತೆ ಮೆತ್ತಗಿರುವುದರಿಂದ, ಬೆಳ್ಳಕ್ಕಿಯ ಗರಿಗಳಿಗೆ ಬಿಸಿಲಿಗಿಂತಲೂ ಚೆನ್ನಾಗಿ ಒಪ್ಪುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಕಾಲ ಮಾತ್ರ ಮಸೂರವನ್ನು ತೆರೆದರೆ ಹಾರುವ ರೆಕ್ಕೆ ಗಾಳಿಯಲ್ಲಿಯೇ ನಿಂತುಬಿಡುತ್ತದೆ. ಹದಿನೈದರಲ್ಲೊಂದು ಪಾಲು ತೆರೆದರೆ ರೆಕ್ಕೆ ಹೊಗೆಯಾಗಿ, ಮಳೆ ದಾರವಾಗಿ, ಹೊಳೆ ರೇಷ್ಮೆಯ ಸೀರೆಯಾಗುತ್ತದೆ. ಇವೆರಡನ್ನೂ ಬರಿಗಣ್ಣು ಕಾಣಲಾರದು. ಎರಡೂ ಅಲ್ಲಿ ಇದ್ದದ್ದೇ.

ಇಂಗ್ಲಿಷಿನಿಂದ ನಮ್ಮಲ್ಲಿಗೂ ಬಂದಿರುವ 'ಸ್ನ್ಯಾಪ್‌ಷಾಟ್' ಎಂಬ ಮಾತು ಮೂಲತಃ ಬೇಟೆಗಾರರದು. ಗುರಿ ನೋಡದೆ ತಟ್ಟನೆ ಹಾರಿಸಿದ ಗುಂಡಿಗೆ ಆ ಹೆಸರು. ಬೆಳ್ಳಕ್ಕಿಗಳ ಪಾಲಿಗೆ ನಿಜವಾದ ಗುಂಡಿನ ಕಾಲವೂ ಒಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಗಳ ಶ್ರೀಮಂತ ಮಹಿಳೆಯರ ಟೋಪಿಗಳಿಗೆ ಈ ಜರಿಗರಿಗಳೇ ಬೇಕಾಗಿದ್ದವು. ಗರಿ ಬರುವುದು ಮರಿಯ ಕಾಲದಲ್ಲಿ; ಆದ್ದರಿಂದ ಹಕ್ಕಿಯನ್ನು ಗೂಡಿನ ಬಳಿಯೇ ಕೊಲ್ಲುತ್ತಿದ್ದರು, ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಭಾರತದಿಂದ ಗರಿಗಳ ರಫ್ತನ್ನು ಸರಕಾರ ೧೯೦೨ರಲ್ಲಿ ನಿಷೇಧಿಸಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಕ್ಕಿಗಳಿಗೆ ಇನ್ನಷ್ಟು ರಕ್ಷಣೆ ನೀಡಿತು. ಅದೇ ಗರಿಯ ಚೆಲುವನ್ನು ಇಂದು ಮನೆಗೆ ಒಯ್ಯುವವರು ಹಕ್ಕಿಯನ್ನು ಅದರ ಗೂಡಿನಲ್ಲಿಯೇ ಬಿಟ್ಟು ಬರುತ್ತಾರೆ.

ಆಲ್ಬಮ್ಮಿನಲ್ಲಿ ಇಲ್ಲದ ಚಿತ್ರಗಳು

ಹಕ್ಕಿಧಾಮಗಳಿಗೆ ಹೋಗಿಬರುವ ಅನುಕೂಲ ಎಲ್ಲರಿಗೂ ಇರಲಾರದು. ಆದರೆ ಮನೆ ಎಲ್ಲರಿಗೂ ಇದೆ. ಅಲ್ಲಿ ಈ ಪಾಠವನ್ನು ಅನ್ವಯಿಸಿ ನೋಡಬೇಕು.

ಯಾವುದೇ ಕುಟುಂಬದ ಹಳೆಯ ಆಲ್ಬಮ್ಮನ್ನು ತೆರೆದರೆ ಮದುವೆ, ಮುಂಜಿ, ನಾಮಕರಣಗಳ ಚಿತ್ರಗಳಿಗೆ ಕೊರತೆಯಿಲ್ಲ. ಜೋಗದ ಮುಂದೆ ನಿಂತದ್ದು, ಬೇಲೂರಿನ ಮುಂದೆ ನಿಂತದ್ದು ಉಂಟು. ಇಲ್ಲದಿರುವುದು ಯಾವುದು? ಅಜ್ಜಿ ನಲವತ್ತು ವರ್ಷ ಕುಳಿತು ರುಬ್ಬಿದ ಒರಳುಕಲ್ಲು. ಹೊಗೆಯಿಂದ ಕಪ್ಪಾದ ಬಚ್ಚಲೊಲೆ, ಅದರ ಮೇಲಿನ ತಾಮ್ರದ ಹಂಡೆ. ತಾಯಿ ನಿತ್ಯ ಮುಂಜಾನೆ ಬಗ್ಗಿ ರಂಗೋಲಿಯೆಳೆಯುತ್ತಿದ್ದ ಬಾಗಿಲು. ಪಟೇಲರ ಮನೆಯ ಮದುವೆಗೆ ಹೋದಾಗಿನ ಅವಳ ಚಿತ್ರವಿದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಕ್ಕ ಮುಖದ ಚಿತ್ರವಿಲ್ಲ. ದಿನವೂ ಇರುವುದನ್ನು ಚಿತ್ರ ತೆಗೆಯುವುದೇಕೆ ಎಂದು ಎಲ್ಲರೂ ತಿಳಿದಿದ್ದರು. ಆ ದಿನಗಳು ಮುಗಿದ ಮೇಲೆ ಮಕ್ಕಳಿಗೆ ಬೇಕೆನಿಸುವುದು ಅದೇ ಚಿತ್ರ.

ತೀರ್ಥಹಳ್ಳಿಯ ಸೀಮೆಯಲ್ಲಿಯೇ ನೋಡಬಹುದು. ಮಳೆ ಹಿಂದಾದ ಮೇಲೆ ಅಡಿಕೆಯ ಕೊನೆ ಕೊಯ್ಲು. ರಾತ್ರಿ ದೀಪದ ಸುತ್ತ ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವ ಹೆಂಗಸರು, ಅವರ ನಡುವೆ ಹರಿದಾಡುವ ಕಥೆ, ಹಾಡು, ನಗೆ. ಹಂಡೆಯಲ್ಲಿ ಬೇಯುವ ಅಡಿಕೆಯ ಕೆಂಪು ಚೊಗರು. ಬಿಸಿಲಿಗೆ ಹರವಿದ ಚಪ್ಪರ. ಈಗ ಸುಲಿಯುವ ಯಂತ್ರಗಳು ಬಂದಿವೆ. ಕೆಲಸ ಹಗುರವಾದದ್ದು ಒಳ್ಳೆಯದೇ. ಆದರೆ ಆ ದೀಪದ ಬೆಳಕಿನ ಮುಖಗಳು ಎಷ್ಟು ಮನೆಗಳ ಚಿತ್ರಸಂಗ್ರಹದಲ್ಲಿ ಉಳಿದಿವೆ? ಗದ್ದೆಯಲ್ಲಿ ಗೊರಬು ಹೊದ್ದು ಬಾಗಿ ನಾಟಿ ನೆಡುವವರ ಸಾಲಿನ ಗತಿಯೂ ಇದೇ.

ನೋಟವನ್ನು ಪಳಗಿಸಲು ಹೆಚ್ಚಿನ ಖರ್ಚೇನೂ ಬೇಕಾಗಿಲ್ಲ. ಹಳೆಯ ಲಗ್ನಪತ್ರಿಕೆಯೊಂದರ ನಡುವೆ ಬೆಂಕಿಪೊಟ್ಟಣದ ಅಳತೆಯ ಕಿಂಡಿಯನ್ನು ಕತ್ತರಿಸಿ, ಒಂದು ಕಣ್ಣು ಮುಚ್ಚಿ, ಅದರ ಮೂಲಕ ಮನೆಯನ್ನು ನೋಡುತ್ತ ಬಂದರೆ ಸಾಕು. ಕ್ಯಾಮೆರಾ ಇಲ್ಲದ ಮಕ್ಕಳಿಗೂ ಇದೊಂದು ಆಟವಾಗುತ್ತದೆ. ಕಿಂಡಿಯ ಅಂಚು ಯಾವುದನ್ನು ಒಳಗಿಡಬೇಕು, ಯಾವುದನ್ನು ಬಿಡಬೇಕೆಂಬ ಪ್ರಶ್ನೆಯನ್ನು ಕೂಡಲೇ ಎತ್ತುತ್ತದೆ. ಅಡಿಗೆಮನೆಯ ಕಟ್ಟೆಯನ್ನು ನಿಂತು ನೋಡುವುದೇ ರೂಢಿ. ಮೂರು ವರ್ಷದ ಮಗುವಿನ ಎತ್ತರಕ್ಕೆ ಕುಳಿತು ನೋಡಿದರೆ ಅದು ಬೇರೆಯೇ ಲೋಕ. ಬೆಳಗಿದ ಹಿತ್ತಾಳೆಯ ಚೊಂಬಿನ ಹೊಟ್ಟೆಯಲ್ಲಿ ಇಡೀ ಕೋಣೆ ಬಾಗಿ ಕುಳಿತಿರುತ್ತದೆ. ಹಂಚಿನ ಸಂದಿಯಿಂದಿಳಿದ ಬಿಸಿಲುಕೋಲು ಎಂಟು ಗಂಟೆಗೆ ಗೋಡೆಯ ಮೇಲಿದ್ದದ್ದು ಹತ್ತಕ್ಕೆ ನೆಲದ ಮೇಲಿರುತ್ತದೆ.

ಒಂದು ಕಟ್ಟಳೆಯನ್ನೂ ಹಾಕಿಕೊಳ್ಳಬಹುದು. ಹಿಂದೆ ಮಧ್ಯಮವರ್ಗದ ಮನೆಗಳಲ್ಲಿ ಬಳಕೆಯಲ್ಲಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಒಂದು ಸುರುಳಿಗೆ ೧೨ ಚಿತ್ರಗಳು ಮಾತ್ರ. ಗುಂಡಿ ಒತ್ತುವ ಮೊದಲು ಮನೆಮಂದಿಯೆಲ್ಲ ಎರಡು ಸಲ ಯೋಚಿಸುತ್ತಿದ್ದರು. ಇಂದು ಒಂದು ಮಧ್ಯಾಹ್ನದಲ್ಲಿ ಮುನ್ನೂರು ಚಿತ್ರ ತೆಗೆದು, ಒಂದನ್ನೂ ಮತ್ತೆ ನೋಡದೆ ಬಿಡುವುದು ಸಾಧ್ಯ. ಆದ್ದರಿಂದ ಒಂದು ವಾರ, ಒಂದೇ ಕಿಟಕಿ ಅಥವಾ ಒಂದೇ ಜಗಲಿ, ೧೨ ಚಿತ್ರಗಳು ಮಾತ್ರ ಎಂದು ನಿಶ್ಚಯಿಸಿಕೊಂಡರೆ, ಮೂರು ನಾಲ್ಕು ಚಿತ್ರಗಳಲ್ಲಿ ಗೊತ್ತಿದ್ದದ್ದೆಲ್ಲ ಮುಗಿದುಹೋಗುತ್ತದೆ. ಗೊತ್ತಿಲ್ಲದ್ದು ಕಾಣತೊಡಗುವುದು ಅಲ್ಲಿಂದ ಮುಂದೆ.

ಹೊಳೆಯ ಲೆಕ್ಕ

ಮಂಡಗದ್ದೆಯಲ್ಲಿ ಎಲ್ಲ ವರ್ಷವೂ ಒಂದೇ ಸಮನಾಗಿರುವುದಿಲ್ಲ. ಮಳೆ ಬಿರುಸಾದ ವರ್ಷ ತುಂಗೆ ಉಕ್ಕಿ ಬಂದು ತಗ್ಗಿನ ಕೊಂಬೆಗಳನ್ನು ಮುಟ್ಟುತ್ತಾಳೆ. ಅಲ್ಲಿದ್ದ ಗೂಡುಗಳು ಮೊಟ್ಟೆ ಮರಿಗಳ ಸಹಿತ ಕೊಚ್ಚಿಹೋಗುವುದುಂಟು. ಹಕ್ಕಿಗಳು ಮೇಲಿನ ಕೊಂಬೆಗಳಿಗೆ ಒತ್ತರಿಸಿಕೊಳ್ಳುತ್ತವೆ. ನಡುಗಡ್ಡೆ ಚಿಕ್ಕದು, ಮರಗಳು ಎಣಿಕೆಯವು. ಒಂದು ಮರ ಬಿದ್ದರೂ ಅದು ಹಲವು ಸಂಸಾರಗಳ ಸೂರು.

ಇಂತಹ ಬದಲಾವಣೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ಕಣ್ಣಿಗೆ ತಿಳಿಯದು. ನಿನ್ನೆಗೂ ಇಂದಿಗೂ ಇರುವ ಅಂತರ ಅಷ್ಟು ಸೂಕ್ಷ್ಮ. ಆದರೆ ಒಂದೇ ದಡದಲ್ಲಿ, ಒಂದೇ ಕಲ್ಲಿನ ಬಳಿ ನಿಂತು, ಪ್ರತಿ ವರ್ಷವೂ ಅದೇ ತಿಂಗಳು ಒಂದು ಚಿತ್ರ ತೆಗೆದಿಟ್ಟರೆ, ಹತ್ತು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಯಾವ ಕೊಂಬೆ ಬರಿದಾಯಿತು, ನೀರು ಎಲ್ಲಿಯವರೆಗೆ ಏರಿತು, ಬಿಳಿಯ ಚುಕ್ಕೆಗಳು ಹೆಚ್ಚಿದವೋ ಕಡಿಮೆಯಾದವೋ ಎಲ್ಲವೂ ತಾನೇ ತಾನಾಗಿ ಹೇಳಿಕೊಳ್ಳುತ್ತದೆ. ಇದಕ್ಕೆ ಪ್ರಶಸ್ತಿ ಪಡೆಯುವ ಚಿತ್ರವೇ ಆಗಬೇಕಾಗಿಲ್ಲ. ದಿನವೂ ಅದೇ ಹಾದಿಯಲ್ಲಿ ಹೋಗುವ ಶಾಲಾ ಬಾಲಕನೂ ತೆಗೆಯಬಹುದು. ಆ ಬಸ್ಸಿನ ಗುಮಾಸ್ತರೂ ತೆಗೆಯಬಹುದು. ಕಾಣದೆ ಹೋದದ್ದು ಕಡಿಮೆಯಾದಾಗ ಕೇಳುವವರೇ ಇರುವುದಿಲ್ಲ. ಕಂಡವರಾದರೋ ಕೇಳದೆ ಬಿಡುವುದಿಲ್ಲ.

ಅಕ್ಟೋಬರು ಕಳೆಯುತ್ತ ಬಂದಂತೆ ಮರಿಗಳ ರೆಕ್ಕೆ ಬಲಿತು, ಹಕ್ಕಿಗಳು ಒಂದೊಂದಾಗಿ ಹೊರಟುಹೋಗುತ್ತವೆ. ಹೊಳೆ ತಿಳಿಯಾಗಿ ಇಳಿಯುತ್ತದೆ. ಮರಗಳು ಮತ್ತೆ ಬರಿಯ ಮರಗಳಾಗಿ, ಖಾಲಿ ಗೂಡುಗಳನ್ನು ಹೊತ್ತು ನಿಲ್ಲುತ್ತವೆ. ಆಗ ಬಸ್ಸಿನಲ್ಲಿ ಯಾವ ಮಗುವೂ ಕೂಗುವುದಿಲ್ಲ. ಆದರೆ ಮಳೆಗಾಲದಲ್ಲಿ ಒಂದು ಗಂಟೆ ಆ ದಡದಲ್ಲಿ ನಿಂತಿದ್ದವನು, ಮಂಡಗದ್ದೆ ಬಂತೆಂದರೆ, ಈಗಲೂ ಹೊಳೆಯ ಕಡೆಗೆ ತಿರುಗಿ ನೋಡುತ್ತಾನೆ.